ಗೋಡಂಬಿ ಬೆಣ್ಣೆಯೂ ಟೀಚರ್ ದವಡೆಯೂ

ನಮ್ಮ ಮನೆಗೆ ಮೊದಲ ಸಲ ಬಂದವರು ಅಡುಗೆಮನೆಯ ಕಪಾಟು ತೆಗೆದರೆ ಒಂದು ಗಳಿಗೆ ಸುಮ್ಮನೆ ನಿಂತುಬಿಡುತ್ತಾರೆ. ಒಳಗಿನ ಬಾಟಲಿಗಳೆಲ್ಲ ತಲೆಕೆಳಗಾಗಿ ನಿಂತಿರುತ್ತವೆ. ಜೇನುತುಪ್ಪ, ಹುಣಸೆ ಗೊಜ್ಜು, ಕೊನೆಗೆ ಇಂಗಿನ ಡಬ್ಬಿ ಕೂಡ. ಹೋದ ತಿಂಗಳು ಬಂದಿದ್ದ ನನ್ನ ಷಡ್ಡಕ, "ಯಾಕ್ರೀ, ಯಾರರ ವಾಸ್ತು ಹೇಳ್ಯಾರೇನು?" ಎಂದು ದನಿ ತಗ್ಗಿಸಿ ಕೇಳಿದ. ನನ್ನ ಹೆಂಡತಿ ಶೈಲಾ ಒಳಗಿಂದಲೇ, "ವಾಸ್ತು ಅಲ್ಲ, ಚಟ" ಎಂದಳು. ಉಪ್ಪಿನಕಾಯಿ ಬಾಟಲಿಯೊಂದನ್ನು ಮಾತ್ರ ಆಕೆ ಕಾವಲಿದ್ದು ನೆಟ್ಟಗೆ ನಿಲ್ಲಿಸಿಕೊಂಡಿದ್ದಾಳೆ. ಅದನ್ನೂ ನಾನು ಒಮ್ಮೆ ಮಗುಚಿಟ್ಟಾಗ ಎಣ್ಣೆ ಮೆಲ್ಲಗೆ ಇಳಿಯುತ್ತ ಕೆಳಗಿನ ಗೋಧಿಹಿಟ್ಟಿನ ಡಬ್ಬಿಯ ತನಕ ಪ್ರವಾಸ ಮಾಡಿತ್ತು.

ಈ ಚಟ ನನಗೆ ಅಂಟಿದ್ದು ತಿರುವನಂತಪುರದಲ್ಲಿ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ಅಲ್ಲಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿ ವರ್ಷ ತುಂಬಿರದ ಶೈಲಾ ಕೊಚ್ಚಿಯ ಐಟಿ ಪಾರ್ಕಿನಲ್ಲಿ. ಇಬ್ಬರೂ ಗದಗ ಕಡೆಯವರು, ಇಬ್ಬರ ನಡುವೆ ಅರ್ಧ ದಿನ ನುಂಗುವ ರೈಲು. ಒಂದು ಶನಿವಾರ ನಾನು ಹೋದರೆ ಮುಂದಿನ ಶನಿವಾರ ಆಕೆ ಬರುವುದು. ಯಾವ ವಾರ ನಮ್ಮಲ್ಲಿ ಜಗಳವಾಗಿದೆ, ಯಾವ ವಾರ ಇಲ್ಲ ಎಂಬುದು ತಿರುವನಂತಪುರದ ತಂಪಾನೂರ್ ಸ್ಟೇಷನ್ನಿನಲ್ಲಿ ಚಹಾ ಮಾರುವವನಿಗೆ ನಮ್ಮ ಮನೆಯವರಿಗಿಂತ ಚೆನ್ನಾಗಿ ಗೊತ್ತಾಗುತ್ತಿತ್ತು.

ಅಂಥ ಒಂದು ಶನಿವಾರ ಶೈಲಾ ರೈಲಿಳಿದವಳೇ ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದು ನನ್ನ ಕೈಗಿಟ್ಟಳು. ಆಫೀಸಿನ ಗೆಳತಿಯ ಜೊತೆ ಫೋರ್ಟ್ ಕೊಚ್ಚಿಗೆ ಹೋಗಿದ್ದಳಂತೆ. ಅಲ್ಲಿನ ಒಂದು ಹೋಂಸ್ಟೇಯಲ್ಲಿ ಇಳಿದುಕೊಂಡಿದ್ದ ವಿದೇಶಿ ಹೆಂಗಸು ಬೆಂಕಿ ಮುಟ್ಟದ ಅಡುಗೆ ಕಲಿಸುತ್ತಿದ್ದಳಂತೆ.

"ತಿಂದ್ ನೋಡ್ರಿ. ಹಸಿ ಗೋಡಂಬಿ ಬೆಣ್ಣಿ."

"ಗೋಡಂಬಿಗೆ ಕೆಚ್ಚಲ ಎಲ್ಲೈತಿ?" ಎಂದೆ.

ಆಕೆ ನಗಲಿಲ್ಲ. ಪ್ಲಾಟ್‌ಫಾರಂ ಮೇಲೆಯೇ ಬೆರಳದ್ದಿ ನೆಕ್ಕಿದೆ. ಹಾಲಿನ ಕೆನೆಯ ಹಾಗೆ, ಆದರೆ ಹಾಲಿನ ವಾಸನೆಯಿಲ್ಲ. ಸಿಹಿ ಎನ್ನುವ ಹಾಗಿಲ್ಲ, ಸಪ್ಪೆಯೂ ಅಲ್ಲ. ನಾಲಿಗೆಯ ಮೇಲೆ ಒಂದು ಸಣ್ಣ ಮೋಡ ಬಂದು ಕೂತ ಹಾಗಿತ್ತು. "ಹಸಿ ಅಂದ್ರ ಹುರಿಲಾರದ್ದು, ಅಷ್ಟ. ಮಿಕ್ಸಿಯೊಳಗ ಹಾಕಿ ತಿರುಗಿಸ್ಕೋತ ಕೂಡೋದು. ನೀರು ಹಾಕಂಗಿಲ್ಲ, ಎಣ್ಣಿ ಹಾಕಂಗಿಲ್ಲ. ತನ್ನ ಎಣ್ಣಿ ತಾನ ಬಿಡತೈತಿ. ಎಣ್ಣಿ ಮ್ಯಾಲ ನಿಲ್ಲತೈತಿ ಅಂತ ಬಾಟ್ಲಿ ಉಲ್ಟಾ ಇಡಬೇಕಂತ," ಎಂದಳು ಶೈಲಾ.

ಶೇಂಗಾ ಸೀಮೆಯವನಿಗೆ ಇದನ್ನು ಹೇಳಿಕೊಡಲು ಕಡಲು ದಾಟಿ ಒಬ್ಬಾಕೆ ಬರಬೇಕಾಯಿತೇ ಎಂದು ನನಗೆ ಸ್ವಲ್ಪ ಅವಮಾನವೇ ಆಯಿತು. ನಮ್ಮ ಊರಿನಲ್ಲಿ ಒಂದು ಎಣ್ಣೆ ಮಿಲ್ಲಿತ್ತು. ಶಾಲೆ ಬಿಟ್ಟ ಮೇಲೆ ನಾವು ಹುಡುಗರು ಅದರ ಹಿಂದಿನ ಬಾಗಿಲಲ್ಲಿ ಬೆಕ್ಕುಗಳ ಹಾಗೆ ಕೂತಿರುತ್ತಿದ್ದೆವು. ಎಣ್ಣೆ ತೆಗೆದ ಮೇಲೆ ಬೆಚ್ಚಗೆ ಹೊರಬೀಳುವ ಹಿಂಡಿಯ ಚೂರನ್ನು ಬೆಲ್ಲದ ಜೊತೆ ಕಡಿಯುವ ಸುಖ! ಅದು ಎಮ್ಮೆಯ ಪಾಲಿನದು ಎಂದು ಅವ್ವ ಎಷ್ಟು ಬೈದರೂ ಬಿಡಲಿಲ್ಲ. ಸುಗ್ಗಿಯಲ್ಲಿ ಮಣ್ಣು ಕೊಡವಿದ ಹಸಿ ಶೇಂಗಾ ಜೇಬು ತುಂಬ ತುಂಬಿಕೊಂಡು ತರಗತಿಯಲ್ಲಿ ಸಪ್ಪಳವಾಗದಂತೆ ಸುಲಿಯುವ ವಿದ್ಯೆಯಲ್ಲಿ ನಾನು ಇಡೀ ಶಾಲೆಗೆ ಹೆಸರಾಗಿದ್ದೆ. ಬೇರೆ ವಿದ್ಯೆಗಳ ವಿಷಯ ಬೇಡ. ಆದರೆ ನುಣ್ಣಗೆ ಅರೆದು ಬೆಣ್ಣೆ ಮಾಡುವುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಫೋನಿನಲ್ಲಿ ಅವ್ವನಿಗೆ ಹೇಳಿದರೆ, "ಹುರಿಲಾರದ್ದು ತಿಂದ್ರ ಪಿತ್ತ ಆಕ್ಕೈತೋ! ಆ ಊರಾಗ ಹುರಿಯಾಕ ಒಲಿ ಇಲ್ಲೇನು?" ಎಂದಳು.

ಶೈಲಾ ಭಾನುವಾರ ಸಂಜೆಯ ರೈಲಿಗೆ ಹೋದಳು. ಸೋಮವಾರ ನಾನು ಬಿಳಿ ಗೋಡಂಬಿ ತಂದೆ.

ಆಗ ನಾನಿದ್ದದ್ದು ಉಳ್ಳೂರಿನಲ್ಲಿ, ಒಂದು ಮನೆಯ ಮಹಡಿ ಮೇಲೆ. ಕೆಳಗೆ ಮನೆಯ ಯಜಮಾನಿ ಸುಭದ್ರಾ ಟೀಚರ್ ಮತ್ತು ಅವರ ಗಂಡ. ಇಬ್ಬರೂ ಶಾಲೆಯಿಂದ ನಿವೃತ್ತರಾದವರು. ಅಲ್ಲಿ ಮೇಷ್ಟರನ್ನು 'ಮಾಷ್' ಎನ್ನುತ್ತಾರೆ. ಹಾಗಾಗಿ ಓಣಿಗೆಲ್ಲ ಅವರು ಮಾಷ್, ಇವರು ಟೀಚರ್. ಟೀಚರ್ ಕಲಿಸಿದ್ದು ಹಿಂದಿ. ನಮ್ಮಿಬ್ಬರ ನಡುವಿನ ವ್ಯವಹಾರವೂ ಮೊದಮೊದಲು ಹಿಂದಿಯಲ್ಲೇ. ನಾನು ಹುಬ್ಬಳ್ಳಿ ರೈಲಿನಲ್ಲಿ ಕಲಿತ ಹಿಂದಿಯಲ್ಲಿ "ನಲ್ಲಿಯಲ್ಲಿ ನೀರು ಬರುತ್ತಿಲ್ಲ" ಎಂದು ದೂರು ಕೊಟ್ಟರೆ, ಅವರು ಮೊದಲು ನನ್ನ ಲಿಂಗ ವಚನ ತಿದ್ದಿ, ನನ್ನಿಂದ ಸರಿಯಾಗಿ ಹೇಳಿಸಿ, ಆಮೇಲೆ ಮೋಟಾರು ಹಾಕುತ್ತಿದ್ದರು. ಟೀಚರ್ ಮಾತು ಎಂದರೆ ಅಂಥಿಂಥ ಮಾತಲ್ಲ. ಬೆಳಗಿನ ಹಾಲಿನವನಿಂದ ಶುರುವಾದದ್ದು ಸಂಜೆಯ ದೀಪದ ತನಕ ನಡೆಯುತ್ತಿತ್ತು. ಮಾಷ್ ಮಾತ್ರ ಗೋಡೆಯ ಕ್ಯಾಲೆಂಡರಿನ ಹಾಗೆ ಇರುತ್ತಿದ್ದರು. ನಾನು ಬಂದು ವರ್ಷವಾಗುತ್ತ ಬಂದಿದ್ದರೂ ಅವರ ದನಿ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಇನ್ನು ಬೆಣ್ಣೆ. ಗೋಡಂಬಿಯನ್ನು ಮಿಕ್ಸಿಯ ಚಟ್ನಿ ಜಾರಿಗೆ ಹಾಕಿ ತಿರುಗಿಸಿದರೆ ಮೊದಲು ಪುಡಿಯಾಗುತ್ತದೆ. ಆಮೇಲೆ ಪುಡಿ ಗೋಡೆಗೆ ಅಂಟಿಕೊಂಡು, ಬ್ಲೇಡು ಖಾಲಿ ಗಾಳಿಯಲ್ಲಿ ಕೂಗತೊಡಗುತ್ತದೆ. ಮುಚ್ಚಳ ತೆಗೆದು ಕೆರೆದು ಮತ್ತೆ ತಿರುಗಿಸಬೇಕು. ಆಮೇಲೆ ಅದು ಉಂಡೆಯಾಗಿ ಮುನಿಸಿಕೊಂಡು ಕೂರುತ್ತದೆ. ಮಿಕ್ಸಿ ಬಿಸಿಯಾಗಿ ವಾಸನೆ ಬಂದು ತಾನಾಗಿ ನಿಂತುಬಿಡುತ್ತದೆ. ಆಗ ಅದನ್ನು ಮಲಗಿಸಿ, ತಳದ ಕೆಂಪು ಗುಂಡಿ ಒತ್ತಿ, ಫ್ಯಾನಿನ ಕೆಳಗೆ ವಿಶ್ರಾಂತಿ ಕೊಡಬೇಕು. ಇಲ್ಲಿಗೆ ಹೊಸಬರು ಸೋತು ಒಂದು ಚಮಚ ನೀರು ಹಾಕುತ್ತಾರೆ. ನಾನೂ ಹಾಕಿದೆ, ಅದು ಅಲ್ಲೇ ಗಟ್ಟಿಯಾಗಿ, ಕಿಟಕಿಗೆ ಗಾಜು ಕೂಡಿಸುವ ಲಪ್ಪದಂತಾಯಿತು. ನೀರು ಹಾಕದೆ ತಾಳಿಕೊಂಡವರಿಗೆ, ಇನ್ನು ಆಗುವುದಿಲ್ಲ ಎಂದು ಕೈಬಿಡುವ ಹೊತ್ತಿಗೆ, ಆ ಉಂಡೆ ಒಮ್ಮೆಲೇ ಹೊಳೆಯತೊಡಗುತ್ತದೆ. ಸುತ್ತುತ್ತ ಸುತ್ತುತ್ತ ಸಡಿಲಗೊಂಡು, ನೋಡನೋಡುತ್ತಲೇ ರಿಬ್ಬನ್ನಿನಂತೆ ಮಡಿಚಿ ಬೀಳುತ್ತದೆ. ಒಂದು ರಜೆಯ ದಿನ ಮಧ್ಯಾಹ್ನ ಮೊದಲ ಸಲ ಅದನ್ನು ನೋಡಿದಾಗ ನಾನೊಬ್ಬನೇ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿದೆ.

ಕೆಳಗಿನಿಂದ ಉತ್ತರ ಬಂತು. ಮಾವಿನಕಾಯಿ ಕೀಳುವ ದೋಟಿಯಿಂದ ಟೀಚರ್ ತಮ್ಮ ಮನೆಯ ಸೂರಿಗೆ, ಎಂದರೆ ನನ್ನ ನೆಲಕ್ಕೆ, ಗುದ್ದುತ್ತಿದ್ದರು. ಮಧ್ಯಾಹ್ನದ ನಿದ್ದೆ ಹಾಳಾಗಿತ್ತು. ಮರುದಿನ ಅವರೊಂದು ವೇಳಾಪಟ್ಟಿ ಹೊರಡಿಸಿದರು. ಸಂಜೆ ಚಹಾ ಆದ ಮೇಲೆ, ದೀಪ ಹಚ್ಚುವ ಮೊದಲು ಮಾತ್ರ ಮಿಕ್ಸಿ. "ಒಬ್ಬನೇ ಇರುವವನಿಗೆ ಇಷ್ಟೊಂದು ಅರೆಯುವುದೇನಿದೆ, ಮೋನೆ? ಮೇಲೆ ಏನು ಫ್ಯಾಕ್ಟರಿ ನಡೆಸುತ್ತಿದ್ದೀಯಾ?" 'ಮೋನೆ' ಎಂದರೆ ಮಗನೇ ಎಂದು. ಬಾಟಲಿ ತೋರಿಸಿ, "ಬೆಣ್ಣೆ" ಎಂದೆ. ಮೂಸಿ ನೋಡಿದರು. "ಗೋಡಂಬಿಯನ್ನು ಪಾಯಸಕ್ಕೆ ಹಾಕುತ್ತಾರೆ. ಹೀಗೆ ಗೋಳಾಡಿಸುವುದಿಲ್ಲ," ಎಂದು ಮುಚ್ಚಳ ಹಾಕಿ ಕೊಟ್ಟರು.

ನಾನು ಅಲ್ಲಿಗೆ ನಿಲ್ಲಲಿಲ್ಲ. ಬಾದಾಮಿ, ಕುಂಬಳಬೀಜ, ಶೇಂಗಾ ಎಲ್ಲ ಆಯಿತು. ಎಳ್ಳಿನ ಸರದಿ ಬಂತು. ಎಳ್ಳನ್ನು ತೊಳೆದು ಒಣಗಿಸಬೇಕು. ಅಲ್ಲಿ ಆಷಾಢದ ಹೊತ್ತಿಗೆ ಕರ್ಕಟಕ ಎಂಬ ತಿಂಗಳು. ಮಳೆ ಬಿಟ್ಟು ಬಿಸಿಲು ಬೀಳುವುದೇ ಅಪರೂಪ. ಒಂದು ಭಾನುವಾರ ಬೆಳಿಗ್ಗೆ ಬಿಸಿಲು ಕಂಡು, ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಮಾಳಿಗೆಗೆ ಹೋಗಿ ಬಾಳೆಲೆಯ ಮೇಲೆ ಕರಿ ಎಳ್ಳು ಹರವಿದೆ. ಕಾಗೆಗಳು ಬಂದವು. ನಾನು ಓಡಿಸಿದೆ, ಅವು ಮತ್ತೆ ಬಂದವು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಮಾಷ್ ಕಾಣಿಸಿಕೊಂಡರು. ನಿಧಾನಕ್ಕೆ ಬಂದು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಣ್ಣು ತುಂಬಿತ್ತು. ನಾನು ಅವರ ದನಿಯನ್ನು ಮೊದಲ ಸಲ ಕೇಳಿದ್ದು ಆಗ.

"ಅಚ್ಛನಾ? ಅಮ್ಮನಾ?"

ಅಪ್ಪ ಅವ್ವ ಇಬ್ಬರೂ ಗದಗಿನಲ್ಲಿ ಚೆನ್ನಾಗಿ ರೊಟ್ಟಿ ತಿಂದುಕೊಂಡಿದ್ದಾರೆ ಎಂದು ವಿವರಿಸುವುದರೊಳಗೆ ಸಾಕುಸಾಕಾಯಿತು. ಸತ್ತವರಿಗೆ ಎಳ್ಳುನೀರು ಬಿಡುವ ಕರ್ಕಟಕದ ಅಮಾವಾಸ್ಯೆಯ ಹತ್ತಿರ ಒದ್ದೆ ಬಟ್ಟೆಯವನೊಬ್ಬ ಬಾಳೆಲೆ, ಎಳ್ಳು, ಕಾಗೆಗಳ ನಡುವೆ ನಿಂತಿದ್ದರೆ ಆ ಊರಿನಲ್ಲಿ ಯಾರಾದರೂ ಏನೆಂದುಕೊಳ್ಳಬೇಕು? ಬೆಣ್ಣೆ ಮಾಡಲು ಎಂದಾಗ ಮಾಷ್ ಕೈ ಬಿಟ್ಟು, ತಲೆಯಾಡಿಸುತ್ತ ಇಳಿದುಹೋದರು. ನಿಜವಾದ ಸಿಟ್ಟು ಟೀಚರಿಗೆ. ಮೇಲಿನ ಮನೆಯಲ್ಲಿ ಸೂತಕವೆಂದು, ಮಸಾಲೆ ಹಚ್ಚಿಟ್ಟಿದ್ದ ಮೀನನ್ನು ಅವರು ಆಗಲೇ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದರು. ಹಸಿ ಎಳ್ಳಿನ ಬೆಣ್ಣೆ ಕಹಿಯಾಗಿತ್ತು ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

ಇದಾದ ಕೆಲವೇ ದಿನಕ್ಕೆ ಟೀಚರ್ ಬಿದ್ದರು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಳೆಗೆ ಪಾಚಿ ಕಟ್ಟಿತ್ತು. ಜಾರಿ, ಗದ್ದ ಕಲ್ಲಿಗೆ ಬಡಿದು, ದವಡೆ ಎರಡು ಕಡೆ ಮುರಿಯಿತು. ಆಸ್ಪತ್ರೆಗೇನು, ಉಳ್ಳೂರಿನಲ್ಲಿ ಕಲ್ಲೆಸೆದರೆ ಆಸ್ಪತ್ರೆ. ಅಲ್ಲಿ ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಸೇರಿಸಿ ತಂತಿ ಬಿಗಿದರು. ಮೂಳೆ ಕೂಡುವ ತನಕ ಬಾಯಿ ತೆರೆಯುವ ಹಾಗಿಲ್ಲ. ಸ್ಟ್ರಾ ಹಚ್ಚಿ ಹೀರುವುದಷ್ಟೇ ಊಟ.

ಮನೆಗೆ ಕರೆತಂದ ದಿನ ಆ ಮನೆಯ ಮೌನಕ್ಕೆ ಇಡೀ ಓಣಿ ಹೆದರಿತು. ಆಗ ಯಾರೂ ಎಣಿಸದೆ ಇದ್ದದ್ದು ನಡೆಯಿತು. ಮಾಷ್ ಮಾತಾಡಲು ಶುರುಮಾಡಿದರು.

ಮೊದಲು ಹಾಲಿನವನ ಜೊತೆ, ಅನಿವಾರ್ಯವಾಗಿ. ಆಮೇಲೆ ಪೇಪರನ್ನು ಗಟ್ಟಿಯಾಗಿ ಓದಿ ಹೇಳುವುದು. ಪೇಪರು ಮುಗಿದ ಮೇಲೆ ಓಣಿಯ ಸುದ್ದಿ. ಅದೂ ಮುಗಿದ ಮೇಲೆ ತಮ್ಮ ಹಳೆಯ ಕತೆಗಳು. ಮದುವೆಗೆ ಮುಂಚೆ ವಯನಾಡಿನ ಗುಡ್ಡದ ಶಾಲೆಯಲ್ಲಿ ಗಣಿತ ಕಲಿಸಿದ್ದು, ಬಾಡಿಗೆ ಕೋಣೆಯಲ್ಲಿ ಜಿಗಣೆಗಳ ಜೊತೆ ಮಲಗಿದ್ದು. ಸಂಜೆ ನಾನು ನೋಡಲು ಇಳಿದರೆ ಅವರು ಟೀಚರ್ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಹೇಳುತ್ತಲೇ ಇರುತ್ತಿದ್ದರು. ಇಷ್ಟು ವರ್ಷದಲ್ಲಿ ಟೀಚರ್ ಇದೊಂದನ್ನೂ ಕೇಳಿರಲಿಲ್ಲ ಎಂದು ಅವರ ಕಣ್ಣೇ ಹೇಳುತ್ತಿತ್ತು. ಮಾಷಿಗೆ ಹೇಳಲು ಸಂದು ಸಿಕ್ಕಿದ್ದೆಲ್ಲಿ? ಟೀಚರ್ ಹುಬ್ಬು ಗಂಟು ಹಾಕಿಕೊಂಡು, ತಂತಿಯ ಹಿಂದೆ ಮಾತೆಲ್ಲ ಹಿಡಿದುಕೊಂಡು ಕೇಳುತ್ತಿದ್ದರು. ನನಗೆ ನಗು ತಡೆಯುತ್ತಿರಲಿಲ್ಲ.

ಒಂದು ಸಂಜೆ ಮಾಷ್ ನನ್ನ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೂ ಹೊಸ್ತಿಲ ಮೇಲೇ ನಿಂತರು.

"ಮೋನೆ, ಅವಳು ಏನೂ ಕುಡಿಯುತ್ತಿಲ್ಲ."

ಹಾಲಿನ ವಾಸನೆ ಟೀಚರಿಗೆ ಚಿಕ್ಕಂದಿನಿಂದ ಆಗದು. ಗಂಜಿಯ ತಿಳಿ ಕುಡಿದು ಕುಡಿದು ಬೇಸತ್ತು ಮುಖ ತಿರುಗಿಸಿದ್ದರು. ಡಬ್ಬಿಯ ಪುಡಿ ಕಲಸಿ ಕೊಟ್ಟರೆ ಅದು ಸಿಹಿ ಎಂದು ಲೋಟ ದೂಡುತ್ತಿದ್ದರು. ರವಿಕೆ ಜೋಲುತ್ತಿತ್ತು. ತೂಕ ಇನ್ನೂ ಇಳಿದರೆ ಮತ್ತೆ ಸೇರಿಸಿಕೊಂಡು ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದು ಅಂದು ಡಾಕ್ಟರು ಹೇಳಿದ್ದರು.

"ನಾನು ಏನೇನೋ ಕತೆ ಹೇಳಿ ಕುಡಿಸಲು ನೋಡುತ್ತೇನೆ. ಕತೆಯೂ ಮುಗಿಯುತ್ತ ಬಂತು," ಎಂದರು ಮಾಷ್. "ನಿನ್ನ ಆ ಬೆಣ್ಣೆ... ಡಾಕ್ಟರನ್ನು ಕೇಳಿದೆ. ಹೀರುವಷ್ಟು ತೆಳುವಾಗಿದ್ದರೆ, ತರಿ ಇಲ್ಲದಿದ್ದರೆ, ಕೊಡಬಹುದಂತೆ."

ಅಷ್ಟು ದಿನ ಕೆಳಗಿನ ಮನೆಯನ್ನು ನೋಡಿ ನಕ್ಕಿದ್ದೆನಲ್ಲ, ಮಾಷ್ ಅಷ್ಟು ಮಾತಾಡುತ್ತಿದ್ದುದು ಹೆದರಿಕೆಗೆ ಎಂದು ನನಗೆ ಆಗ ತಿಳಿಯಿತು.

ಅಂದಿನಿಂದ ನನ್ನ ಆಟ ಕೆಲಸವಾಯಿತು. ನಾಲಿಗೆಗೆ ನುಣುಪು ಎನಿಸಿದ್ದು ಸ್ಟ್ರಾಗೆ ನುಣುಪಲ್ಲ. ಮೊದಲ ಲೋಟ ಎರಡು ಗುಟುಕಿಗೆ ಸ್ಟ್ರಾ ಕಟ್ಟಿಕೊಂಡಿತು. ಟೀಚರ್ ನನ್ನನ್ನೇ ನೋಡುತ್ತ ಎಡಗೈಯ ಎರಡು ಬೆರಳು ಎತ್ತಿದರು. ಮಾಷ್ ಅರ್ಥ ಹೇಳಿದರು. "ಹತ್ತಕ್ಕೆ ಎರಡು."

ಅಲ್ಲಿಂದ ಮುಂದೆ ಪ್ರತಿ ಸಂಜೆ ನನಗೆ ಪರೀಕ್ಷೆ. ಬಾದಾಮಿ ಬೆಣ್ಣೆ ನೀರಿಗೆ ಕದಡಿದ್ದಕ್ಕೆ ನಾಲ್ಕು. ಕುಂಬಳಬೀಜದ್ದು ಹಸಿರಾಗಿ ಕೆರೆಯ ನೀರಿನಂತೆ ಕಂಡು, ಬಾಯಿಗಿಡುವ ಮೊದಲೇ ಸೊನ್ನೆ. ಶನಿವಾರ ಬಂದ ಶೈಲಾ ನನ್ನ ಮಿಕ್ಸಿ, ಸೋಸುವ ಬಟ್ಟೆ, ಸೋತ ಮುಖ ಎಲ್ಲವನ್ನೂ ನೋಡಿದಳು.

"ಅವರಿಗೆ ಸಿಹಿ ಬ್ಯಾಡ ಅಂದ್ರ ಬರೀ ಸಪ್ಪಂದು ಯಾಕ ಕೊಡಾಕತ್ತೀರಿ? ದಿನಾ ಏನ್ ಉಣ್ಣತಿದ್ರು ಅವರು?"

"ತೆಂಗಿನ ಹಾಲಿನ ಇಷ್ಟು." ಶುಂಠಿ, ಹಸಿಮೆಣಸು, ಕರಿಬೇವು ಹಾಕಿ ಮಾಡುವ ತಿಳಿ ಸಾರಿಗೆ ಅಲ್ಲಿ ಹಾಗೆನ್ನುತ್ತಾರೆ.

"ಹಂಗಾರ ಗೋಡಂಬಿ ಬೆಣ್ಣಿನ ತೆಂಗಿನ ಹಾಲಿನಾಗ ಕದಡ್ರಿ. ಶುಂಠಿ ರಸ, ಉಪ್ಪು, ಕರಿಬೇವು ಅರದು ಸೋಸಿ ಹಾಕ್ರಿ. ಇಷ್ಟು ತಿಳಿವಲ್ದ?"

ಮಿಕ್ಸಿಗೆ ಗೋಡಂಬಿ ಹಾಕಿದೆ. ಅರ್ಧಕ್ಕೆ ಬಂದಿತ್ತು, ಸುಟ್ಟ ವಾಸನೆ ಬಂದು, ಒಂದು ಎಳೆ ಹೊಗೆ ಎದ್ದು, ನಿಂತಿತು. ಮಲಗಿಸಿ ಕೆಂಪು ಗುಂಡಿ ಒತ್ತಿದೆ. ಏಳಲಿಲ್ಲ. ಮಾಷ್ ಮೆಟ್ಟಿಲ ಕೆಳಗೆ ಕಾಯುತ್ತಿದ್ದರು. ತಮ್ಮ ಮಿಕ್ಸಿಯ ಜಾರು ಒಡೆದು ಎಷ್ಟೋ ದಿನವಾಗಿದೆ ಎಂದರು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದೊಯ್ದು, ಮೂಲೆಯ ಕಟ್ಟೆಯ ಮೇಲೆ ಗೋಣಿ ಹೊದ್ದು ಕೂತಿದ್ದ ಚಪ್ಪಟೆ ಅರೆಯುವ ಕಲ್ಲನ್ನು ತೋರಿಸಿದರು.

ತೊಳೆದು ಒರೆಸಿ, ಇಬ್ಬರು ಗಂಡಸರು ಕಲ್ಲಿನ ಎದುರು ಬದುರು ನಿಂತೆವು. ಗುಂಡುಕಲ್ಲನ್ನು ನಾನು ತಳ್ಳಿದರೆ ಗೋಡಂಬಿ ನೆಲಕ್ಕೆ ಹಾರುತ್ತಿತ್ತು. ಮಾಷ್ ತಳ್ಳಿದರೆ ಅವರ ಬೆರಳೇ ಅದರಡಿಗೆ ಹೋಗುತ್ತಿತ್ತು. ಶೈಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಟೀಚರ್. ಹಾಸಿಗೆ ಬಿಟ್ಟು, ಗೋಡೆ ಹಿಡಿದು ಬಂದಿದ್ದರು. ನಮ್ಮ ಸೌಭಾಗ್ಯವನ್ನು ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಹೇಳುವುದು ಎಷ್ಟಿತ್ತೋ ಏನೋ, ತಂತಿಯ ಒಳಗಿಂದ ಒಂದು ಗುರ್ ಸದ್ದು ಮಾತ್ರ ಬಂತು. ಬಂದು ಮಾಷನ್ನು ಮೊಣಕೈಯಿಂದ ಸರಿಸಿ, ಗುಂಡುಕಲ್ಲು ಹಿಡಿದು, ತೋಳಿನಿಂದಲ್ಲ, ಮಣಿಕಟ್ಟಿನಿಂದ ಒಮ್ಮೆ ಹೇಗೆ ಎಳೆಯುವುದು, ಹೇಗೆ ಬಿಡುವುದು ಎಂದು ತೋರಿಸಿದರು. ಎರಡನೆಯ ಸಲ ತಳ್ಳಲು ಕಸುವಿರಲಿಲ್ಲ. ಮಾಷ್ ಓಡಿಹೋಗಿ ಸ್ಟೂಲು ತಂದರು. ಟೀಚರ್ ಅದರ ಮೇಲೆ ಕೂತು ಕಣ್ಣಿನಿಂದಲೇ ಮೇಲುಸ್ತುವಾರಿ ಮಾಡಿದರು. ನಾನು ತಪ್ಪಿದಾಗಲೆಲ್ಲ ಸ್ಟೂಲಿಗೆ ಬಳೆ ಬಡಿಯುತ್ತಿದ್ದರು.

ಕಲ್ಲಿನ ಮೇಲೆ ಗೋಡಂಬಿ ಮಿಕ್ಸಿಯಲ್ಲಿನ ಹಾಗೆ ಮುನಿಸಿಕೊಳ್ಳುವುದಿಲ್ಲ. ತಡವಾಗುತ್ತದೆ, ಆದರೆ ತಣ್ಣಗೆ ಬೆಣ್ಣೆಯಾಗುತ್ತ ಬರುತ್ತದೆ. ಬೆರಳಿನ ನಡುವೆ ಉಜ್ಜಿದರೆ ಒಂದು ಕಣ ಸಿಗಲಿಲ್ಲ. ಶೈಲಾ ತೆಂಗಿನ ಹಾಲು ಹಿಂಡಿ, ಉಳಿದದ್ದೆಲ್ಲ ಸೇರಿಸಿ, ಬಟ್ಟೆಯಲ್ಲಿ ಸೋಸಿ ಲೋಟಕ್ಕೆ ಹಾಕಿದಳು. ಟೀಚರ್ ಸ್ಟ್ರಾ ಹಚ್ಚಿದರು. ನಾವು ಮೂವರೂ ಸ್ಟ್ರಾವನ್ನೇ ನೋಡುತ್ತಿದ್ದೆವು. ಬಿಳಿ ಗೆರೆ ಏರಿತು, ನಿಲ್ಲಲಿಲ್ಲ. ಲೋಟದ ತಳದಲ್ಲಿ ಗೊರ್ ಎಂದು ಸದ್ದಾಗುವ ತನಕ ಹೀರಿದರು. ಆಮೇಲೆ ಒಂಬತ್ತು ಬೆರಳು ಎತ್ತಿ, ಹತ್ತನೆಯದನ್ನು ಅರ್ಧಕ್ಕೆ ಮಡಿಚಿ ತೋರಿಸಿದರು.

"ಸರ್ವೀಸಿನಲ್ಲಿ ಅವಳು ಯಾರಿಗೂ ಒಂಬತ್ತೂವರೆ ಕೊಟ್ಟದ್ದಿಲ್ಲ," ಎಂದು ಮಾಷ್ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು.

ಅಲ್ಲಿಂದ ದಿನವೂ ಸಂಜೆ ಕಲ್ಲಿನ ಕೆಲಸ. ಮಾಷ್ ಅರೆಯುವುದನ್ನು ನನಗಿಂತ ಬೇಗ ಕಲಿತರು. ಅರೆಯುತ್ತಲೇ ಕತೆ ಹೇಳುವುದನ್ನೂ ಕಲಿತರು. ಮೂಗಿನ ನಳಿಗೆಯ ಮಾತು ಮತ್ತೆ ಬರಲಿಲ್ಲ.

ತಂತಿ ಬಿಚ್ಚುವ ದಿನ ಹತ್ತಿರವಾದಾಗ ಮಾಷ್ ಒಂದು ದೊಡ್ಡ ಕತೆ ಹಿಡಿದಿದ್ದರು. ವಯನಾಡಿನಲ್ಲಿ ಮಳೆಗಾಲದ ಒಂದು ಸಂಜೆ, ಉತ್ತರಪತ್ರಿಕೆಗಳ ಗಂಟನ್ನು ತಲೆಯ ಮೇಲೆ ಹೊತ್ತು, ಕೆಂಪಗೆ ಉಕ್ಕುತ್ತಿರುವ ಹೊಳೆಯ ದಡದಲ್ಲಿ ಅವರು ನಿಂತಿದ್ದಾರೆ. ಆಚೆ ದಡದಲ್ಲಿ ಹೆಡ್‌ಮಾಸ್ಟರು ಕೊಡೆ ಬೀಸಿ ಕರೆಯುತ್ತಿದ್ದಾರೆ. ದೋಣಿಯಿಲ್ಲ. ನೀರಿನ ಬಣ್ಣ, ತೇಲಿಬಂದ ಮರ, ಹೆಡ್‌ಮಾಸ್ಟರ ಕೊಡೆ ಗಾಳಿಗೆ ಉಲ್ಟಾ ಆದದ್ದು, ಇದನ್ನೆಲ್ಲ ಮೂರು ಸಂಜೆ ಹೇಳಿದರೂ ಅವರು ಇನ್ನೂ ದಡದಲ್ಲೇ ಇದ್ದರು. "ಪಂಚೆ ಮೇಲೆತ್ತಿ ಕಟ್ಟಿದೆ. ಒಂದು ಕಾಲು ನೀರಿಗಿಟ್ಟೆ," ಎಂದು ಹೇಳುವಷ್ಟರಲ್ಲಿ ನೆಂಟರು ಯಾರೋ ಬಂದು ಮಾತು ಅಲ್ಲಿಗೆ ನಿಂತಿತು. ಮರುದಿನ ಬೆಳಿಗ್ಗೆ ಆಸ್ಪತ್ರೆ.

ಆಟೋದಲ್ಲಿ ಕರೆತರುವಾಗ ಟೀಚರ್ ಬಾಯಿ ಒಂದು ಬೆರಳಿನಷ್ಟು ತೆರೆಯುತ್ತಿತ್ತು. ಡಾಕ್ಟರು ನಿಧಾನಕ್ಕೆ ಮಾತಾಡಿ, ಸದ್ಯಕ್ಕೆ ಆಕಳಿಸಬೇಡಿ, ಜೋರಾಗಿ ನಗಬೇಡಿ ಎಂದಿದ್ದರು. ಮಾಷ್ ಔಷಧಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದರು. ಮನೆಗೆ ಬಂದ ಮೇಲೂ ಒಂದು ಮಾತಿಲ್ಲ. ತಮ್ಮ ಪಾಳಿ ಮುಗಿಯಿತು ಎಂದುಕೊಂಡಿರಬೇಕು. ಪೇಪರು ತೆಗೆದು ಮುಖದ ಮುಂದೆ ಹಿಡಿದು, ಮೊದಲಿನ ಹಾಗೆ ಮೂಲೆಯ ಕುರ್ಚಿಯಲ್ಲಿ ಕೂತರು.

ಸಂಜೆ ನಾನು ಲೋಟ ಹಿಡಿದು ಇಳಿದಾಗಲೂ ಹಾಗೇ. ಟೀಚರ್ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಇಷ್ಟು ದಿನ ಕಟ್ಟಿಟ್ಟ ಮಾತು ಈಗ ಕಟ್ಟೆ ಒಡೆಯುತ್ತದೆ, ಮೊದಲು ಯಾರ ಮೇಲೋ ಎಂದು ನಾನು ಬಾಗಿಲ ಹತ್ತಿರವೇ ನಿಂತೆ. ಅವರು ಗದ್ದವನ್ನು ಅತ್ತ ಇತ್ತ ಆಡಿಸಿದರು. ಪೇಪರಿನ ಕಡೆ ತಿರುಗಿದರು.

"ಎನ್ನಿಟ್ಟ್?"

'ಆಮೇಲೆ?' ಎಂದು ಅದರ ಅರ್ಥ. ಪೇಪರು ಅಲುಗಲಿಲ್ಲ. ಮಾಷಿಗೆ ಅದು ತಮಗೆ ಹೇಳಿದ್ದು ಎಂದೇ ತಿಳಿದಿರಲಿಲ್ಲ.

"ನಿಮ್ಮನ್ನೇ ಕೇಳುತ್ತಿರುವುದು," ಎಂದರು ಟೀಚರ್, ಹಲ್ಲಿನ ಸಂದಿಯಿಂದ, ಒಂದೊಂದೇ ಮಾತು. "ನೀರಿಗೆ ಕಾಲಿಟ್ಟಿರಿ. ಎನ್ನಿಟ್ಟ್?"

ಪೇಪರು ಮೆಲ್ಲಗೆ ಕೆಳಗಿಳಿಯಿತು. ಮಾಷ್ ನನ್ನ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡರು.

"ತಣ್ಣಗಿತ್ತು," ಎಂದರು. "ವಾಪಸ್ ಬಂದುಬಿಟ್ಟೆ. ನನಗೆಲ್ಲಿ ಈಜು ಬರುತ್ತದೆ?"

ಟೀಚರ್ ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ದವಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಅಯ್ಯೋ ಅಯ್ಯೋ ಎಂದು ನರಳುತ್ತ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.